ತಪ್ಪಾತು ಅನ್ನಲಾರದ ಬಾಯಿ

ಹಂಪಕ್ಕ ಅಂಜುಬುರುಕಿ ಎಂದು ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ, ಅವಳೇ ಹೇಳಿಕೊಳ್ಳುತ್ತಿದ್ದಳು. ನಾಯಿಗೆ ಅಂಜುತ್ತಿದ್ದಳು, ಬಸ್ಸಿನ ಕಂಡಕ್ಟರಿಗೆ ಅಂಜುತ್ತಿದ್ದಳು, ಸಂತೆಯಲ್ಲಿ ಬೆಲೆ ಕೇಳುವುದಕ್ಕೂ ಪಕ್ಕದವರನ್ನು ಮುಂದೆ ದೂಡುತ್ತಿದ್ದಳು. ಹಡಗಲಿ ಸೀಮೆಯ ಅವಳ ತವರಿನಲ್ಲಿ ದನಿ ಏರಿಸುವುದೆಂದರೆ ಹೊಳೆಯ ಆಚೆ ದಂಡೆಯವರನ್ನು ಕೂಗುವಾಗ ಮಾತ್ರ. ಅಂಥ ಹುಡುಗಿಯನ್ನು ತಂದು ಹೊಸಹಳ್ಳಿ ಹೋಬಳಿಯ ಒಂದು ಊರಿಗೆ, ಅದರಲ್ಲೂ ಗಿಡ್ಡಮ್ಮನ ಮನೆಗೆ ಸೊಸೆ ಮಾಡಿದ್ದು ಯಾವ ಪುಣ್ಯಾತ್ಮನ ತಲೆಗೆ ಹೊಳೆದ ವಿಚಾರವೋ ತಿಳಿಯದು.

ಗಿಡ್ಡಮ್ಮನ ಬಾಯಿ ಸುತ್ತ ನಾಲ್ಕು ಹಳ್ಳಿಗೆ ಗೊತ್ತಿದ್ದ ಬಾಯಿ. ಕಳೆ ತೆಗೆಯುವ ಹೆಂಗಸರ ಒಂದು ಗುಂಪಿಗೆ ಅವಳೇ ಯಜಮಾನಿ. ಬೆಳಿಗ್ಗೆ ಕೋಳಿ ಕೂಗುವುದು ತಡವಾದೀತು, ಗಿಡ್ಡಮ್ಮ ತಡಮಾಡುತ್ತಿರಲಿಲ್ಲ. ಓಣಿಯ ಉದ್ದಕ್ಕೂ ಒಂದೊಂದೇ ಬಾಗಿಲ ಮುಂದೆ ನಿಂತು ಒಂದು ಬೈಗುಳ ಬಿಸಾಕಿ ಮುಂದೆ ಹೋಗುತ್ತಿದ್ದಳು. ಆ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಅದು ತಾಯಿಯನ್ನು ಹಿಡಿದು ಬೈಯುವ ಒಂದೇ ಒಂದು ಮಾತು. ಗಂಡಸರು ಜಗಳದಲ್ಲಿ ಅದನ್ನು ಆಡಿದರೆ ತಲೆ ಒಡೆಯುತ್ತಿದ್ದವು. ಗಿಡ್ಡಮ್ಮ ಆಡಿದರೆ ಹೆಂಗಸರು ನಗುತ್ತಾ ಬುತ್ತಿ ಕಟ್ಟಿಕೊಂಡು ಹೊರಬೀಳುತ್ತಿದ್ದರು.

ಹೊಲದಲ್ಲೂ ಅದೇ ಮಾತು. ಬದುವಿನ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು ಅವಳು ಅದನ್ನು ಒಂದು ಸಲ ಎಸೆದರೆ ಹಿಂದೆ ಬಿದ್ದವಳು ಸರಸರ ಮುಂದೆ ಬರುತ್ತಿದ್ದಳು. ಊರ ಗೌಡ ಕರಿಸಿದ್ದಪ್ಪ ತನ್ನ ಶೇಂಗಾ ಹೊಲಕ್ಕೆ ಇಪ್ಪತ್ತು ವರ್ಷ ಗಿಡ್ಡಮ್ಮನ ಗುಂಪನ್ನೇ ಕರೆದದ್ದು ಸುಮ್ಮನೆ ಅಲ್ಲ. ಅವಳು ಬದುವಿನ ಮೇಲೆ ನಿಂತರೆ ನಾಲ್ಕು ಎಕರೆ ಕಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದು ಅವನೇ ನಾಲ್ಕು ಮಂದಿಯ ಮುಂದೆ ಹೊಗಳಿ ಆಡುತ್ತಿದ್ದ. ಆಗ ಆ ಬಾಯಿ ಅವನಿಗೆ ಬೇಕಾಗಿತ್ತು.

ಮದುವೆಯಾದ ಮರುವಾರ ಹಂಪಕ್ಕ ಮೊದಲ ಸಲ ಹೊಲಕ್ಕೆ ಹೋದಾಗ ಅತ್ತೆ ಅವಳಿಗೂ ಆ ಮಾತು ಹಾಕಿದಳು. ಹಂಪಕ್ಕ ಸಂಜೆಯ ತನಕ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಕಳೆ ಕಿತ್ತಳು. ಮನೆಗೆ ಬಂದ ಮೇಲೆ ಅತ್ತೆ ಅದೇ ಮಾತಿನಿಂದ ಕರೆದು, ಬಿಸಿ ರೊಟ್ಟಿಯ ಮೇಲೆ ಎರಡು ಬೆರಳು ಬೆಣ್ಣೆ ಬಳಿದು ತಟ್ಟೆಗೆ ಹಾಕಿದಳು. ಅವಳಿಗೆ ಸಿಟ್ಟಿಗೂ ಪ್ರೀತಿಗೂ ಬೇರೆ ಬೇರೆ ಮಾತಿಲ್ಲ ಎಂಬುದು ಹಂಪಕ್ಕನಿಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಗಂಡ ಬೊಮ್ಮಯ್ಯ ಕೊಟ್ಟೂರಿನ ಮಂಡಿಯಲ್ಲಿ ಹಮಾಲಿ, ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಉಳಿದವರು ಅತ್ತೆ ಸೊಸೆ ಇಬ್ಬರೇ, ಹಾಗಾಗಿ ಅರ್ಥಮಾಡಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

ಊರಿಗೆ ಬೋರಿಂಗ್ ಬಂದ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಗಿಡ್ಡಮ್ಮ ಹೊಲದಲ್ಲೇ ಕುಸಿದು ಬಿದ್ದಳು. ಲಕ್ವ ಹೊಡೆದಿತ್ತು. ಬಲಗೈ ಬಲಗಾಲು ಹೋದವು, ಬಾಯಿ ಒಂದು ಕಡೆಗೆ ಎಳೆಯಿತು, ಮಾತು ಪೂರ್ತಿ ನಿಂತಿತು. ಕೂಡ್ಲಿಗಿಯ ಡಾಕ್ಟರು ನೋಡಿ, ಜೀವ ಉಳಿದದ್ದೇ ದೊಡ್ಡದು ಎಂದು ಕಳಿಸಿದರು. ನಾಲ್ಕು ಹಳ್ಳಿಗೆ ಕೇಳುತ್ತಿದ್ದ ಹೆಂಗಸು ಮೂಲೆಯಲ್ಲಿ ಕೂತು ಬರೀ ಕಣ್ಣು ಬಿಡುವುದನ್ನು ನೋಡಲಾರದೆ ಹಂಪಕ್ಕ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು.

ಒಂದೂವರೆ ತಿಂಗಳ ಮೇಲೆ, ಒಂದು ಬೆಳಿಗ್ಗೆ, ಹಂಪಕ್ಕ ಒಲೆ ಊದುತ್ತಿದ್ದಾಗ ಹಿಂದಿನಿಂದ ಆ ಬೈಗುಳ ಬಂತು. ಸ್ಪಷ್ಟವಾಗಿ, ಮೊದಲಿನಷ್ಟೇ ಗಟ್ಟಿಯಾಗಿ. ಹಂಪಕ್ಕ ಊದುಗೊಳವೆ ಬಿಸಾಕಿ ಓಡಿ ಹೋಗಿ ಅತ್ತೆಯ ಮುಖ ಹಿಡಿದುಕೊಂಡು ಅತ್ತಳು. ಇನ್ನು ಒಂದೊಂದೇ ಮಾತು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಬಂದದ್ದು ಅದೊಂದೇ. ಉಳಿದ ಮಾತೆಲ್ಲ ಎಲ್ಲಿಗೋ ಹೋಗಿ, ಅಷ್ಟು ವರ್ಷ ನಾಲಿಗೆಯ ತುದಿಯಲ್ಲಿ ಸವೆದಿದ್ದ ಅದೊಂದು ಮಾತ್ರ ಉಳಿದುಕೊಂಡಿತ್ತು.

ಆ ಒಂದು ಮಾತಿನಲ್ಲೇ ಇಬ್ಬರೂ ಸಂಸಾರ ನಡೆಸಿದರು. ಅದನ್ನೇ ಮೊಟಕಾಗಿ ಅಂದರೆ ನೀರು ಬೇಕು. ಎಳೆದು ಅಂದರೆ ಹಸಿವು. ಬೆನ್ನು ಬೆನ್ನಿಗೆ ಎರಡು ಸಲ ಅಂದರೆ ಹಿತ್ತಲಿಗೆ ಕರೆದೊಯ್ಯಬೇಕು. ಬೊಮ್ಮಯ್ಯ ಬಂದ ದಿನ ನಗುತ್ತಾ ಅನ್ನುತ್ತಿದ್ದಳು, ಆಗ ಎಳೆದ ಬಾಯಿ ಕೂಡ ನೆಟ್ಟಗಾದಂತೆ ಕಾಣುತ್ತಿತ್ತು. ಹಂಪಕ್ಕ ಹೊಲಕ್ಕೆ ಹೋದಾಗ ಏನಾದರೂ ಬೇಕಾದರೆ ಗಿಡ್ಡಮ್ಮ ಅದನ್ನೇ ಕೂಗುತ್ತಿದ್ದಳು, ಗೋಡೆಯ ಆಚೆಯ ಸುಂಕಮ್ಮ ಬಂದು ನೋಡಿ ಹೋಗುತ್ತಿದ್ದಳು. ಹೀಗೆ ಎಂಟು ತಿಂಗಳು ಯಾರಿಗೂ ಏನೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾದದ್ದು ಬೋರಿಂಗಿನ ಹತ್ತಿರ. ಕರಿಸಿದ್ದಪ್ಪ ಗೌಡನ ಮಗಳನ್ನು ನೋಡಲು ಹರಪನಹಳ್ಳಿಯಿಂದ ಬೀಗರು ಬಂದಿದ್ದರು. ಅದೇ ಹೊತ್ತಿಗೆ ಕೊಡದ ಸರದಿಯ ಮೇಲೆ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದು, ಒಬ್ಬಳ ಕುಲವನ್ನು ಒಬ್ಬಳು ತೊಳೆದು ಒಣಹಾಕಿದರು. ಗಾಡಿಯಿಂದ ಇಳಿದ ಬೀಗರು ಅದನ್ನು ಪೂರ್ತಿ ಕೇಳಿ, ಊರ ಹೆಂಗಸರ ಬಾಯಿ ಹೀಗಾದರೆ ಹುಡುಗಿಯ ಬಾಯಿ ಹೇಗಿದ್ದೀತು ಎಂದು ಉಪ್ಪಿಟ್ಟು ಕೂಡ ಮುಟ್ಟದೆ ಎದ್ದು ಹೋದರು. ಗೌಡ ಮೂರು ದಿನ ಮನೆಯಿಂದ ಹೊರಬರಲಿಲ್ಲ. ನಾಲ್ಕನೆಯ ದಿನ ದೈವ ಕೂಡಿಸಿದ. ಊರ ಹಿರಿಯರು ಅಂಜಿನಪ್ಪನ ಗುಡಿ ಕಟ್ಟೆಯ ಮೇಲೆ ಸೇರಿ ನ್ಯಾಯ ಹೇಳುವ ಸಭೆಗೆ ಇಲ್ಲಿ ದೈವ ಎನ್ನುತ್ತಾರೆ.

ಮರುದಿನ ತಳವಾರ ಹುಲುಗಣ್ಣ ಡಂಗುರ ಸಾರಿದ. ಇನ್ನು ಮುಂದೆ ಬಯಲಿನಲ್ಲಿ, ಓಣಿಯಲ್ಲಿ, ಬೋರಿಂಗಿನಲ್ಲಿ ತಾಯಿ ತಂಗಿ ಹಿಡಿದು ಬೈದವರಿಗೆ ಹನ್ನೊಂದು ರೂಪಾಯಿ ದಂಡ. ದಂಡ ಕಟ್ಟಿದರಷ್ಟೇ ಸಾಲದು; ಬೈದವರು ಸೋಮವಾರ ಕಟ್ಟೆಯ ಮುಂದೆ ಬಂದು, ದೈವಕ್ಕೆ ಅಡ್ಡಬಿದ್ದು, ಬೈದ ಬಾಯಿಂದಲೇ ‘ತಪ್ಪಾತು’ ಅನ್ನಬೇಕು. ಅನ್ನದಿದ್ದರೆ ಆ ಮನೆಗೆ ಬೋರಿಂಗ್ ನೀರು ಬಂದ್, ಊರವರ ಹೊಲದಲ್ಲಿ ಕೂಲಿ ಬಂದ್, ಯಾರೂ ಬೆಂಕಿ ಕೊಡುವಂತಿಲ್ಲ, ಮಾತಾಡಿಸುವಂತಿಲ್ಲ. ಊರು ಮೊದಮೊದಲು ನಕ್ಕಿತು. ಇಬ್ಬರು ಗಂಡಸರು ಕಟ್ಟೆಯ ಮುಂದೆ ಮಣ್ಣಿಗೆ ಹಣೆ ಹಚ್ಚಿದ ಮೇಲೆ ನಗು ನಿಂತಿತು.

ಹಂಪಕ್ಕ ಆ ದಿನವೇ ಹೋಗಿ ಬಾಗಿಲು ಮುಂದೆ ಮಾಡಿದಳು. ಬೀದಿಯ ಕಡೆ ಇದ್ದ ಅತ್ತೆಯ ಹಾಸಿಗೆಯನ್ನು ಒಳಗೆ, ಜೋಳದ ಗುಡಾಣದ ಮಗ್ಗುಲಿಗೆ ಸರಿಸಿದಳು. ಒಳಗಿನಿಂದ ಆ ಮಾತು ಬಂದಾಗಲೆಲ್ಲ ಬಾಗಿಲ ಸಂದಿಯಿಂದ ಓಣಿ ನೋಡುತ್ತಿದ್ದಳು. ಯಾರಾದರೂ ಓಣಿಯಲ್ಲಿ ನಡೆದು ಹೋದರೆ ಪಾತ್ರೆ ಬಡಿದು ಸದ್ದು ಮಾಡುತ್ತಿದ್ದಳು. ಮುದುಕಿಯ ಗಾಳಿ ಬೆಳಕು ಕಿತ್ತುಕೊಂಡೆನಲ್ಲ ಎಂಬ ವ್ಯಥೆ ಇತ್ತು. ಆದರೆ ಬೋರಿಂಗ್ ಬಿಟ್ಟರೆ ನೀರಿಗೆ ಎರಡು ಮೈಲಿ ಹೋಗಬೇಕು, ಕೂಲಿ ಬಿಟ್ಟರೆ ಬೊಮ್ಮಯ್ಯ ತರುವುದು ವಾರಕ್ಕೆ ಸಾಲದು. ಭಯದ ಮುಂದೆ ವ್ಯಥೆ ಹಿಂದೆ ಸರಿಯಿತು.

ಒಂದು ಬುಧವಾರ ಅವಳು ನೀರಿಗೆ ಹೋದಾಗ ಗಿಡ್ಡಮ್ಮ ಒಂದೇ ಕೈಯೂರಿ ತೆವಳಿ ಹೊಸ್ತಿಲಿಗೆ ಬಂದು ಕೂತುಬಿಟ್ಟಿದ್ದಳು. ಬಿಸಿಲು ಕಂಡು ಎಷ್ಟು ದಿನವಾಗಿತ್ತೋ. ಅಷ್ಟರಲ್ಲಿ ಕರಿಸಿದ್ದಪ್ಪ ಗೌಡ ಹಗರಿಬೊಮ್ಮನಹಳ್ಳಿಯಿಂದ ಬಂದ ಹೊಸ ಬೀಗರನ್ನು ಕರೆದುಕೊಂಡು ಅದೇ ಓಣಿಯಲ್ಲಿ ಬಂದ. ಇಪ್ಪತ್ತು ವರ್ಷ ಕೂಲಿ ಕೊಟ್ಟ ಧಣಿಯನ್ನು ಕಂಡು ಗಿಡ್ಡಮ್ಮನಿಗೆ ಹಿಗ್ಗಾಯಿತು. ಎಡಗೈ ಎತ್ತಿ, ಮುಖವೆಲ್ಲ ನಗುವಾಗಿ, ಇದ್ದ ಒಂದು ಮಾತಿನಿಂದ ಅವನನ್ನು ಬಾ ಎಂದು ಕರೆದಳು.

ಓಣಿಯ ತುದಿಯಲ್ಲಿ ಕೊಡ ಹೊತ್ತು ಬರುತ್ತಿದ್ದ ಹಂಪಕ್ಕನಿಗೆ ಎಲ್ಲವೂ ಕಂಡಿತು, ಕೇಳಿತು. ಬೀಗರು ನಿಂತರು. ಗೌಡ ಗಿಡ್ಡಮ್ಮನ ಕಡೆ ನೋಡಿದ, ಆಮೇಲೆ ಹಂಪಕ್ಕನ ಕಡೆ ನೋಡಿದ, ಬೀಗರನ್ನು ಕೈ ಹಿಡಿದು ಮುಂದೆ ಕರೆದೊಯ್ದ. ಅವನು ಬೈದಿದ್ದರೆ ಚೆನ್ನಾಗಿತ್ತು. ಆ ನೋಟಕ್ಕೆ ಹಂಪಕ್ಕನ ಕೊಡ ವಾಲಿ ನೀರು ಮೈಮೇಲೆಲ್ಲ ತುಳುಕಿತು.

ಮಧ್ಯಾಹ್ನವೇ ಹುಲುಗಣ್ಣ ಬಂದು ಬಾಗಿಲಲ್ಲಿ ನಿಂತ. ಸೋಮವಾರ ದೈವ ಕರೆದೈತಿ, ಮುದುಕಿಯನ್ನು ಹೊತ್ತಾದರೂ ತರಬೇಕು ಎಂದ. ಹಂಪಕ್ಕ ಅವನ ಕಾಲಿಗೆ ಬಿದ್ದಳು. ಅತ್ತೆಗೆ ಬೇರೆ ಮಾತೇ ಬರುವುದಿಲ್ಲ, ಆಕೆಯ ಬದಲು ತಾನೇ ಅಡ್ಡಬಿದ್ದು ತಪ್ಪಾತು ಅನ್ನುತ್ತೇನೆ ಎಂದಳು. ಹುಲುಗಣ್ಣ ಕೆಟ್ಟವನಲ್ಲ. ಹೋಗಿ ಕೇಳಿಕೊಂಡು ಬರುತ್ತೇನೆಂದು ಹೋದ. ತಿರುಗಿ ಬಂದಾಗ ನೆಲ ನೋಡುತ್ತಾ ಗೌಡನ ಮಾತನ್ನು ಇದ್ದ ಹಾಗೆ ಒಪ್ಪಿಸಿದ:

“ಬೈಯಾಕ ಬರತೈತಿ, ತಪ್ಪಾತು ಅನ್ನಾಕ ಬರಾಂಗಿಲ್ಲೇನು ಅಂತಾರವ್ವ. ಬೈದ ಬಾಯೇ ಅನ್ನಬೇಕಂತ.”

ಊರೆಲ್ಲ ಅದನ್ನೇ ಆಡಿತು. ನಾಲಿಗೆ ಒಂದು ಮಾತಿಗೆ ಹೊರಳಿದರೆ ಇನ್ನೊಂದಕ್ಕೆ ಯಾಕೆ ಹೊರಳುವುದಿಲ್ಲ, ಮುದುಕಿಯದು ಸೊಕ್ಕು ಎಂದಿತು. ಅಷ್ಟು ತಿಂಗಳು ಆ ಒಂದು ಮಾತಿನಲ್ಲೇ ಸಂಸಾರ ನಡೆಸಿದ್ದ ಹಂಪಕ್ಕನಿಗೇ ಒಂದು ಗಳಿಗೆ ಹಾಗೆನ್ನಿಸಿತು. ಕೂತು ಕಲಿಸಿದರೆ ಬಂದೀತು ಎಂದು ಅವಳು ಅಂದೇ ಅತ್ತೆಯ ಮುಂದೆ ಕೂತಳು. ತಪ್ಪಾತು, ಅನ್ನತ್ತಿ, ತಪ್ಪಾತು. ಗಿಡ್ಡಮ್ಮ ಸೊಸೆಯ ತುಟಿಯನ್ನೇ ನೋಡುತ್ತಾ ಕತ್ತಿನ ನರ ಉಬ್ಬಿಸಿ ಪ್ರಯತ್ನಪಟ್ಟಳು. ನಾಲಿಗೆ ಹಲ್ಲಿಗೆ ತಾಗಿತು. ಬಂದದ್ದು ಬೈಗುಳವೇ. ನೂರು ಸಲ ಹೇಳಿಕೊಟ್ಟರೂ ನೂರು ಸಲ ಅದೇ. ಕೊನೆಗೆ ಅವಳಿಗೂ ತಾನು ತಪ್ಪು ಮಾತಾಡುತ್ತಿದ್ದೇನೆ ಎಂದು ತಿಳಿದು ಕಣ್ಣಲ್ಲಿ ನೀರು ಬಂತು.

ಆಗ ಹಂಪಕ್ಕನಿಗೆ ನಿಜವಾದ ಭಯ ಹತ್ತಿತು. ಕಟ್ಟೆಯ ಮುಂದೆ, ಹಿರಿಯರೆಲ್ಲ ಕೂತಿರುವಾಗ, ತಪ್ಪಾತು ಅನ್ನು ಎಂದಾಗ ಅತ್ತೆ ಅದನ್ನೇ ಗೌಡನ ಮುಖಕ್ಕೆ ಅಂದುಬಿಟ್ಟರೆ? ದೇವರ ಗುಡಿಯ ಮುಂದೆ ಅಂದುಬಿಟ್ಟರೆ? ಊರಿಂದ ಹೊರಗೆ ಹಾಕುತ್ತಾರೆ. ಆ ಚಿತ್ರ ಕಣ್ಣಿಗೆ ಕಟ್ಟಿ ಅವಳಿಗೆ ಊಟ ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತಪ್ಪಾತು ಅನ್ನದಿದ್ದರೂ ಹೋಗಲಿ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅಡ್ಡಬಿದ್ದರೆ ಯಾರಾದರೂ ಕರುಣೆ ತೋರಿಯಾರು ಎಂದು ಲೆಕ್ಕ ಹಾಕಿದಳು. ಬಾಯಿ ಮುಚ್ಚಿಸುವುದು ಹೇಗೆ? ಅಂಜಿದವರಿಗೆ ಉಪಾಯ ಬೇಗ ಹೊಳೆಯುತ್ತದೆ.

ಗುರುವಾರ ಬೆಳಿಗ್ಗೆ ಗಿಡ್ಡಮ್ಮ ಮೊಟಕಾಗಿ ಆ ಮಾತು ಅಂದಳು. ನೀರು. ಹಂಪಕ್ಕ ಚೆಂಬು ತಂದು ಎದುರಿಗೆ ಇಟ್ಟಳು, ಕೊಡಲಿಲ್ಲ. ಮುದುಕಿ ಇನ್ನೊಮ್ಮೆ ಅಂದಳು. ಹಂಪಕ್ಕ ಅವಳ ಬಾಯಿಗೆ ಅಂಗೈ ಒತ್ತಿ ಚೆಂಬನ್ನು ದೂರ ಸರಿಸಿದಳು. ಮತ್ತೆ ಅಂದಳು, ಮತ್ತೆ ಸರಿಸಿದಳು. ಹೊತ್ತು ಏರಿತು. ಮುದುಕಿ ದಣಿದು ಸುಮ್ಮನಾದಾಗ ಹಂಪಕ್ಕ ಓಡಿ ಬಂದು ಚೆಂಬನ್ನು ತುಟಿಗೆ ಹಿಡಿದು ಕುಡಿಸಿದಳು. ರೊಟ್ಟಿಗೂ ಹಾಗೆಯೇ ಮಾಡಿದಳು, ಹಿತ್ತಲಿಗೆ ಕರೆದೊಯ್ಯಲೂ ಹಾಗೆಯೇ. ಶುಕ್ರವಾರ ಒಂದು ಸಲ ಗಿಡ್ಡಮ್ಮ ಹಟಕ್ಕೆ ಬಿದ್ದು ಓಣಿಗೆ ಕೇಳುವಂತೆ ಕೂಗಿದಾಗ ಹಂಪಕ್ಕ ಹೆದರಿಕೆಯ ಭರಕ್ಕೆ ಕೆನ್ನೆಗೆ ಹೊಡೆದೇಬಿಟ್ಟಳು. ಜನ್ಮದಲ್ಲಿ ಒಂದು ನಾಯಿಗೂ ಕೈ ಎತ್ತದವಳು. ಹೊಡೆದ ಕೈಯನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು ಒಲೆಯ ಮುಂದೆ ಕೂತು ಅತ್ತಳು. ಆದರೆ ಕಲಿಸುವುದನ್ನು ಬಿಡಲಿಲ್ಲ.

ಭಾನುವಾರ ಬೊಮ್ಮಯ್ಯ ಬಂದ. ಅವನನ್ನು ಕಂಡು ತಾಯಿ ಎಡಗೈ ಎತ್ತಿದಳು, ತುಟಿ ತೆರೆದಳು, ಸೊಸೆಯ ಕಡೆ ನೋಡಿ ಮುಚ್ಚಿಕೊಂಡಳು. ತಾಯಿಗೆ ಏನಾಗಿದೆ ಎಂದು ಬೊಮ್ಮಯ್ಯನಿಗೆ ಗೊತ್ತಾಗಲಿಲ್ಲ. ದೈವದಿಂದ ತಪ್ಪಿಸಿ ಅವಳನ್ನು ಕೊಟ್ಟೂರಿಗೆ ಕರೆದೊಯ್ಯೋಣವೆಂದರೆ ಅವನೇ ಮಂಡಿಯಲ್ಲಿ ಚೀಲಗಳ ಮೇಲೆ ಮಲಗುವವನು. ಹಂಪಕ್ಕ ಮಾತ್ರ ಉಸಿರು ಬಿಟ್ಟಳು. ಉಪಾಯ ಫಲಿಸಿತ್ತು, ದೇವರೇ, ಇನ್ನೊಂದು ದಿನ ಹೀಗೇ ಇರಲಿ ಎಂದು ಕೈ ಮುಗಿದಳು.

ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಊರ ಗಂಡಸರೆಲ್ಲ ಕಟ್ಟೆಯ ಸುತ್ತ ಇದ್ದರು. ಬೊಮ್ಮಯ್ಯ ತಾಯಿಯನ್ನು ಬೆನ್ನ ಮೇಲೆ ಹೊತ್ತು ತಂದು ಇಳಿಸಿದ. ಹಂಪಕ್ಕ ನೀರಿನ ಚೆಂಬು ಹಿಡಿದು ಪಕ್ಕದಲ್ಲಿ ನಿಂತಳು. ಬೊಮ್ಮಯ್ಯ ದಂಡದ ಹಣ ಇಟ್ಟ. ಗೌಡ ಅದರ ಕಡೆ ನೋಡದೆ ಗಿಡ್ಡಮ್ಮನಿಗೆ ತಪ್ಪಾತು ಅನ್ನು ಎಂದ. ಹಂಪಕ್ಕ ಅತ್ತೆಯ ತಲೆಯನ್ನು ಮೆಲ್ಲಗೆ ನೆಲಕ್ಕೆ ಬಗ್ಗಿಸಿದಳು. ಮುದುಕಿ ಎದ್ದು ಕೂತಳು. ಹಣೆಗೆ ಮಣ್ಣು ಮೆತ್ತಿತ್ತು. ಗೌಡ ಇನ್ನೊಮ್ಮೆ ಕೇಳಿದ, ಬಾಯಿ ಬಿಡು ಎಂದ.

ಗಿಡ್ಡಮ್ಮನ ತುಟಿ ಬಿರಿಯಿತು. ನಾಲಿಗೆ ಹೊರಳಿದ್ದು ಹಂಪಕ್ಕನಿಗೆ ಕಂಡಿತು. ಆ ಮಾತು ಶುರುವಾಗುವುದು ಹೀಗೆಯೇ ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಚೆಂಬು ಅವಳ ಕೈಯಲ್ಲಿ ನಡುಗಿತು. ಆ ನಡುಕಕ್ಕೆ ಮುದುಕಿ ತಿರುಗಿ ಚೆಂಬನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ತುಟಿಯನ್ನು ಬಿಗಿಯಾಗಿ ಒತ್ತಿಕೊಂಡಳು. ಅವಳ ಮೈಯೆಲ್ಲ ಕಂಪಿಸುತ್ತಿತ್ತು.

ಕಟ್ಟೆಯ ಮೇಲಿದ್ದ ಹಿರಿಯ ಪಾಲಣ್ಣನಿಗೆ ನೋಡಲಾಗಲಿಲ್ಲ.

“ಸಾಕು ಬಿಡ್ರಿ ಗೌಡ್ರ. ಮುದುಕಿ ಅಂಜಿ ನಡುಗಾಕತ್ಯಾಳ. ಇದಕ್ಕಿಂತ ತಪ್ಪಾತು ಬ್ಯಾರೆ ಏನೈತಿ.”

ಗೌಡ ಹೂಂ ಅಂದ. ಅಲ್ಲಿಗೆ ಮುಗಿಯಿತು. ಮನೆಗೆ ಬಂದು ಹಂಪಕ್ಕ ಅತ್ತೆಗೆ ಹೊಟ್ಟೆ ತುಂಬ ನೀರು ಕುಡಿಸಿ, ಹಣೆಯ ಮಣ್ಣು ಒರೆಸಿ, ರೊಟ್ಟಿಗೆ ಬೆಣ್ಣೆ ಹಾಕಿ ಕೈಯಾರೆ ತಿನ್ನಿಸಿದಳು. ಹಾಸಿಗೆಯನ್ನು ಮತ್ತೆ ಬೀದಿಯ ಕಡೆಗೆ ತಂದಳು. ಎಷ್ಟೋ ದಿನದ ಮೇಲೆ ನಿದ್ದೆ ಹತ್ತಿತು. ಆಮೇಲೆ ಗೊತ್ತಾದ ಸಂಗತಿಯೆಂದರೆ, ಹಗರಿಬೊಮ್ಮನಹಳ್ಳಿಯ ಬೀಗರು ಆ ಬುಧವಾರವೇ ಸಂಬಂಧ ಒಪ್ಪಿದ್ದರು. ಅವರಲ್ಲಿ ಹಿರಿಯನೊಬ್ಬ, ನಮ್ಮ ಅಜ್ಜಿಯೂ ಹೀಗೇ ಇದ್ದಳು ಎಂದು ನಕ್ಕಿದ್ದನಂತೆ. ಮದುವೆಯ ಗಡಿಬಿಡಿಯಲ್ಲಿ ಕಟ್ಟಳೆ ಸಡಿಲವಾಯಿತು. ಗೌಡನ ಮಗನೇ ಬೋರಿಂಗಿನ ಹತ್ತಿರ ಎತ್ತಿಗೆ ಬೈಯುವ ನೆವದಲ್ಲಿ ಊರಿಗೆಲ್ಲ ಬೈದ, ಯಾರೂ ಡಂಗುರ ಹೊಡೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಊರಿನ ಬಾಯಿಗಳೆಲ್ಲ ಮೊದಲಿನ ಹಾಗಾದವು.

ಗಿಡ್ಡಮ್ಮ ಮಾತ್ರ ಸುಮ್ಮನೇ ಇದ್ದಳು. ಎರಡು ದಿನ ಹಂಪಕ್ಕ ದಣಿವು ಅಂದುಕೊಂಡಳು, ವಾರ ಕಳೆದ ಮೇಲೆ ಮುನಿಸು ಅಂದುಕೊಂಡಳು. ನೀರು ಬೇಕೋ ಹಸಿವೋ ಒಂದೂ ತಿಳಿಯದೆ ಗಳಿಗೆಗೊಮ್ಮೆ ಎಲ್ಲವನ್ನೂ ತಂದು ಮುಂದಿಡುತ್ತಿದ್ದಳು. ಕಟ್ಟಳೆ ಸಡಿಲವಾದ ಮೇಲೆ ಒಂದು ದಿನ ಹೊಲದಿಂದ ಬಂದಾಗ ಹಾಸಿಗೆ ಖಾಲಿ ಇತ್ತು. ಅತ್ತೆ ಹಿತ್ತಲಲ್ಲಿ ಕಲ್ಲಿನ ಮೇಲೆ ಬಿದ್ದಿದ್ದಳು. ಮೊಣಕೈ ಒಡೆದು ರಕ್ತ ಒಣಗಿತ್ತು, ಬಿಸಿಲಿಗೆ ತುಟಿ ಸೀಳಿತ್ತು. ಬೆಳಗಿನಿಂದ ಅಲ್ಲೇ ಬಿದ್ದಿದ್ದಳೆಂದು ಕಾಣುತ್ತದೆ. ಹತ್ತು ಹೆಜ್ಜೆ ಆಚೆ ಗೋಡೆಯ ಹಿಂದೆ ಸುಂಕಮ್ಮ ಹೊತ್ತೆಲ್ಲ ಶೇಂಗಾ ಒಡೆಯುತ್ತಾ ಕೂತಿದ್ದಳು. ಒಂದು ಸಣ್ಣ ದನಿಯೂ ಕೇಳಲಿಲ್ಲ ಎಂದು ಅವಳು ಎದೆ ಬಡಿದುಕೊಂಡಳು.

ಹಂಪಕ್ಕನಿಗೆ ಆಗ ಹತ್ತಿದ ಭಯದ ಮುಂದೆ ದೈವದ ಭಯ ಏನೂ ಅಲ್ಲ. ಅತ್ತೆಯನ್ನು ಎತ್ತಿ ತಂದು ಗೋಡೆಗೆ ಒರಗಿಸಿದಳು, ಓಡಿ ಹೋಗಿ ಚೆಂಬಿನಲ್ಲಿ ನೀರು ತಂದು ಎದುರಿಗೆ ಕೂತಳು. ಬಾಗಿಲು ಹಾರು ಹೊಡೆದಿತ್ತು. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಓಡಾಡಲಿ.

“ಬೈಯತ್ತಿ. ಒಂದು ಸಲ ಬೈ. ಯಾರೇನಂತಾರ ನೋಡ್ತೀನಿ, ಬೈಯವ್ವಾ.”

ಅಷ್ಟಕ್ಕೂ ಬಾಯಿ ತೆರೆಯದಿದ್ದಾಗ ಹಂಪಕ್ಕ ತಾನೇ ಆ ಮಾತನ್ನು ಆಡಿದಳು. ಹುಟ್ಟಿದ ಮೇಲೆ ಮೊದಲ ಸಲ, ಓಣಿಗೆ ಕೇಳುವಷ್ಟು ಗಟ್ಟಿಯಾಗಿ. ಹೊರಗೆ ಯಾರೋ ತಿರುಗಿ ನೋಡಿ ಮುಂದೆ ಹೋದರು. ಗಿಡ್ಡಮ್ಮ ಬೆಚ್ಚಿಬಿದ್ದು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಬಾಯಾರಿಕೆಗೆ ಅವಳ ಗಂಟಲು ಏರಿ ಇಳಿಯುತ್ತಿತ್ತು, ಕಣ್ಣು ಚೆಂಬನ್ನು ಬಿಟ್ಟು ಕದಲುತ್ತಿರಲಿಲ್ಲ. ನೀರು ಬೇಕಾದರೆ ಸುಮ್ಮನಿರಬೇಕೆಂದು ಅವಳಿಗೆ ಕಲಿಸಲಾಗಿತ್ತು. ಸೀಳಿದ ತುಟಿಯನ್ನು ಮತ್ತಷ್ಟು ಬಿಗಿಯಾಗಿ ಒತ್ತಿ, ನೋಡು, ಸುಮ್ಮನಿದ್ದೇನೆ ಎಂಬ ಹಾಗೆ ಸೊಸೆಯ ಮುಖ ನೋಡಿದಳು. ಹಂಪಕ್ಕ ಚೆಂಬು ಎತ್ತಿ ಕುಡಿಸಿದಳು.